ಹಗ್ಗಕ್ಕೆ ಎಣ್ಣೆಸ್ನಾನ

ಅಜ್ಜಂಪುರದ ಆ ಹುಣಸೆಮರ ಹತ್ತುವ ಬೆಳಿಗ್ಗೆ ಏನೇನು ಎಡವಟ್ಟಾಗಬಹುದು ಎಂದು ಯಾರಾದರೂ ಕೇಳಿದ್ದರೆ ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದೆ. ಯಾರೂ ಕೇಳಲಿಲ್ಲ. ಹಾಗಾಗಿ ಇಲ್ಲಿ ಹೇಳುತ್ತೇನೆ.

ಹಗ್ಗ ಹರಿಯಬಹುದಿತ್ತು. ಹಗ್ಗ ಗಟ್ಟಿಯಾಗಿದ್ದು ಕೊಂಬೆ ಮುರಿಯಬಹುದಿತ್ತು. ಎರಡೂ ಗಟ್ಟಿಯಾಗಿದ್ದು ನಡುವಿನ ಗಂಟು ಬಿಚ್ಚಿಕೊಳ್ಳಬಹುದಿತ್ತು. ಇಲ್ಲವೇ ಗಂಟು ಬಿಚ್ಚಬೇಕಾದಾಗಲೂ ಬಿಚ್ಚದೆ, ನಾನು ಸಂಜೆತನಕ ಒಣಹಾಕಿದ ಪಂಚೆಯ ಹಾಗೆ ಅಲ್ಲೇ ನೇತಾಡಬಹುದಿತ್ತು. ಕೊಂಬೆ ಕುಯ್ಯುವ ಭರದಲ್ಲಿ ಗರಗಸ ಹಗ್ಗಕ್ಕೇ ತಾಗಬಹುದಿತ್ತು. ಪೊಟರೆಯಲ್ಲಿ ಜೇನಿರಬಹುದಿತ್ತು, ಜೇನಿಲ್ಲದಿದ್ದರೆ ಹಾವಿರಬಹುದಿತ್ತು, ಎರಡೂ ಇಲ್ಲದಿದ್ದರೆ, ಹುಣಸೆಮರವಲ್ಲವೇ, ನಮ್ಮಮ್ಮ ಹೆಸರು ಹೇಳದೆ ಬರೀ ಕಣ್ಣಲ್ಲೇ ತೋರಿಸುವ ಇನ್ನೇನೋ ಇರಬಹುದಿತ್ತು. ಕುಯ್ದ ಕೊಂಬೆ ನೆಟ್ಟಗೆ ಮನೆಯ ಹೆಂಚಿನ ಮೇಲೆ ಕೂರಬಹುದಿತ್ತು. ಕೆಳಗೆ ನಿಂತು ನನ್ನನ್ನು ನೋಡಿಕೊಳ್ಳಬೇಕಾದ ಹೆಂಡತಿಗೆ ಅದೇ ಹೊತ್ತಿಗೆ ಅವಳಕ್ಕನ ಫೋನ್ ಬರಬಹುದಿತ್ತು. ಇದು ಜೇನಿಗಿಂತ ಅಪಾಯ. ನನ್ನ ಎಡಗೈ ಜೋಮು ಹಿಡಿಯಬಹುದಿತ್ತು, ಅದು ಬರೀ ಜೋಮೋ ಅಥವಾ ಹಾರ್ಟಿನದೋ ಎಂದು ನಾನು ಲೆಕ್ಕ ಹಾಕುವಷ್ಟರಲ್ಲಿ ಬಲಗೈಯೂ ಅದನ್ನೇ ಅನುಸರಿಸಬಹುದಿತ್ತು. ಯಾರಾದರೂ ಮೊಬೈಲಿನಲ್ಲಿ ವೀಡಿಯೋ ಮಾಡಿ ಕಡೂರಿನಿಂದ ತರೀಕೆರೆಯವರೆಗಿನ ವಾಟ್ಸಾಪ್ ಗುಂಪುಗಳಿಗೆಲ್ಲ ಹಂಚಬಹುದಿತ್ತು. ಕೊನೆಗೆ, ಎಲ್ಲವೂ ಸರಿಯಾಗಿಯೇ ನಡೆದು, ಚಿಂತೆ ಮಾಡಲು ನನಗೆ ಏನೂ ಉಳಿಯದೆ ಹೋಗಬಹುದಿತ್ತು. ನಿಜ ಹೇಳಬೇಕೆಂದರೆ ಇದಕ್ಕೇ ನಾನು ಹೆಚ್ಚು ಹೆದರಿದ್ದು.

ಮರ ಸವರುವುದು ನನ್ನ ಕಸುಬು. ಮನೆ ಮೇಲೆ ಬಾಗಿದ ಕೊಂಬೆ, ಕರೆಂಟು ತಂತಿಗೆ ತಾಗುವ ರೆಂಬೆ, ಗಾಳಿಗೆ ಯಾವಾಗ ಬೀಳುತ್ತೋ ಎಂದು ಊರೇ ಕತ್ತೆತ್ತಿ ನೋಡುವ ಒಣಗಿದ ತುದಿ, ಇಂಥವಕ್ಕೆಲ್ಲ ಕಡೂರಿನಲ್ಲಿರುವ ನನಗೆ ಫೋನ್ ಬರುತ್ತದೆ. ಮೇಲೆ ನಾನು, ಕೆಳಗೆ ನನ್ನ ಹೆಂಡತಿ. ನಾನು ಕುಯ್ಯುತ್ತೇನೆ, ಅವಳು ಬೈಯುತ್ತಾಳೆ, ಕೆಲಸ ಮುಗಿಯುತ್ತದೆ. ವಯಸ್ಸು ಐವತ್ತು ದಾಟಿದೆ. ಗ್ಯಾಸ್ ಆಫ್ ಮಾಡಿದೆನಾ ಎಂದು ನೋಡಲು ಬೀರೂರು ದಾಟಿದಮೇಲೂ ಗಾಡಿ ತಿರುಗಿಸಿದವನು ನಾನು. ಅಂಥವನು ಮರ ಹತ್ತುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ನನಗೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟು: ನೆಲದ ಮೇಲೆ ನನ್ನ ತಲೆ ಸಂತೆ. ನಾಲ್ಕಾಳುದ್ದ ಮೇಲೆ ಹೋದೆನೋ, ಸಂತೆ ಮುಗಿದು ಎಲ್ಲರೂ ಗಂಟುಮೂಟೆ ಕಟ್ಟಿಕೊಂಡು ಹೊರಟುಬಿಡುತ್ತಾರೆ. ಗಾಳಿ, ಎಲೆ, ಮುಂದಿನ ಕೊಂಬೆ. ಅಷ್ಟೇ. ನನ್ನ ಬದುಕಿನಲ್ಲಿ ಚಿಂತೆ ಹತ್ತಿಬರಲಾಗದ ಜಾಗ ಅದೊಂದೇ.

ಹೋದ ಮಳೆಗಾಲದಲ್ಲಿ ಒಂದು ಸಿಲ್ವರ್ ಓಕ್ ಮರದಿಂದ ಜಾರಿದೆ. ಬೀಳಲಿಲ್ಲ, ಜಾರಿದೆ. ಸೊಂಟಕ್ಕೂ ಮರಕ್ಕೂ ಸುತ್ತಿಕೊಂಡಿದ್ದ ಹಳೇ ನೈಲಾನ್ ಹಗ್ಗ ಒದ್ದೆ ತೊಗಟೆಯ ಮೇಲೆ ನಿಲ್ಲಲಿಲ್ಲ. ಮರವನ್ನು ತಬ್ಬಿಕೊಂಡೇ ಕೆಳಕ್ಕೆ ಬಂದೆ. ಅಂಗಿಯ ಗುಂಡಿಗಳೆಲ್ಲ ಮರದ ಪಾಲಾದವು, ಹೊಟ್ಟೆಯ ಚರ್ಮ ತರಚಿತು. ನೆಲಕ್ಕೆ ಬಂದು ನಿಂತಾಗ ಹೆಂಡತಿ ಎದುರಿಗೇ ಇದ್ದಳು. ಬೈಯಲಿಲ್ಲ. ಆಗಲೇ ನನಗೆ ಭಯವಾಗಿದ್ದು.

ಬೈಗುಳ ಬಂದಿದ್ದು ಮನೆಗೆ ಬಂದಮೇಲೆ, ಅರಿಶಿನ ಹಚ್ಚುತ್ತ.

"ಇನ್ಮೇಲೆ ಸರಿಯಾದ ಹಗ್ಗ ಇಲ್ದೆ ಮರ ಹತ್ತೋ ಹಂಗಿಲ್ಲ."

"ಆಯ್ತು ಕಣೇ."

"ಆಯ್ತು ಅಂದ್ರೆ ಆಗ್ಲಿಲ್ಲ. ಹಗ್ಗ ನಾನು ನೋಡ್ಬೇಕು, ನಾನು ಒಪ್ಬೇಕು. ಅಲ್ಲೀವರ್ಗೂ ನನ್ನ ತಮ್ಮನ ಅಂಗಡೀಲಿ ಕೂತ್ಕೊಳಿ. ಒಪ್ಲಿಲ್ಲ ಅಂದ್ರೆ ಪೂರ್ತಿ ಅಲ್ಲೇ ಕೂತ್ಕೊಳಿ."

ಅವಳ ತಮ್ಮನದು ಪ್ಲಾಸ್ಟಿಕ್ ಸಾಮಾನಿನ ಅಂಗಡಿ. ಬಕೆಟ್ಟು, ಮಗ್ಗು, ಕುರ್ಚಿ. ಒಳ್ಳೆಯ ಹುಡುಗ, ಫ್ಯಾನ್ ಕೆಳಗೆ ಕೂರಿಸಿದ. ಆದರೆ ನೆಲದ ಮೇಲೆ ಇಡೀ ದಿನ ಕೂತಿರುವುದೆಂದರೆ ನನಗೆ ಏನು ಎಂದು ಅವನಿಗೆ ತಿಳಿಯದು. ಮೊದಲ ದಿನವೇ ನನಗೆ ಮುಚ್ಚಳಗಳ ಚಿಂತೆ ಶುರುವಾಯಿತು. ಡಬ್ಬಗಳಿಗಿಂತ ಮುಚ್ಚಳ ಕಡಿಮೆ ಇದ್ದ ಹಾಗೆ ಕಂಡಿತು. ಎರಡನೆಯ ದಿನ, ಮೇಲೆ ಜೋಡಿಸಿಟ್ಟ ಕುರ್ಚಿಗಳು ಯಾರ ತಲೆ ಮೇಲೆ ಬೀಳುತ್ತವೆ ಎಂದು ಗಿರಾಕಿಗಳನ್ನು ಎಚ್ಚರಿಸತೊಡಗಿದೆ. ಆಮೇಲೆ ಗಿರಾಕಿಗಳು ಬಾಗಿಲಲ್ಲೇ ನಿಂತು ಕೇಳತೊಡಗಿದರು. ಭಾವಮೈದುನ ಅಕ್ಕನಿಗೆ ಫೋನ್ ಮಾಡಿದ. "ಅಕ್ಕಾ, ಭಾವಂಗೆ ಬೇಗ ಒಂದು ಹಗ್ಗ ನೋಡೇ" ಎಂದ.

ಅದೇ ವಾರ ಅಜ್ಜಂಪುರದಿಂದ ಹುಣಸೆಮರದ ಫೋನ್ ಬಂತು. ಮರ ಹಳೆಯದು, ಚೆನ್ನಾಗಿ ಕಾಯಿ ಬಿಡುವುದು, ಮರ ಬೇಕು. ಆದರೆ ಒಂದು ದೊಡ್ಡ ಕೊಂಬೆ ಹೆಂಚಿನ ಮೇಲೆ ಬಾಗಿದೆ, ಅದು ಬೇಡ. ಏಣಿ ಹಾಕಿ ತಲುಪುವ ಎತ್ತರವಲ್ಲ. ಸಂಕ್ರಾಂತಿ ಆದಮೇಲೆ ಬರುತ್ತೇನೆ ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ. ಹೆಂಡತಿ ಕೇಳಿಸಿಕೊಂಡು, "ಬರೀ ಮಾತು ಕೊಟ್ರಾ, ಹಗ್ಗಾನೂ ಕೊಟ್ರಾ?" ಎಂದಳು.

ಮೊದಲು ಹೋಗಿದ್ದು ಕಡೂರಿನ ಹಗ್ಗದಂಗಡಿಗೆ. ತೆಂಗಿನ ನಾರಿನದು, ಕತ್ತಾಳೆಯದು, ನೈಲಾನಿನದು, ಎಲ್ಲವೂ ಛಾವಣಿಯಿಂದ ಜಡೆಗಳ ಹಾಗೆ ಇಳಿಬಿದ್ದಿದ್ದವು.

"ಹಗ್ಗ ಬೇಕಿತ್ತು."

"ಯಾತಕ್ಕೆ? ದನಕ್ಕಾ, ಬಾವಿಗಾ, ಲೋಡಿಗಾ?"

"ಮನುಷ್ಯನಿಗೆ."

ಅಂಗಡಿಯವರು ಕನ್ನಡಕ ಸರಿಮಾಡಿಕೊಂಡರು. "ಯಾವ ಮನುಷ್ಯ?"

"ನಾನೇ."

ಅವರ ಗೊಂದಲ ನನಗೆ ಅರ್ಥವಾಯಿತು. ನಮ್ಮಲ್ಲಿ ಒಂದೊಂದು ಹಗ್ಗಕ್ಕೂ ಹುಟ್ಟುವಾಗಲೇ ಕೆಲಸ ಗೊತ್ತಾಗಿರುತ್ತದೆ. ದನದ ಕೊರಳಿಗೆ ಕಣ್ಣಿ, ಮೂಗಿಗೆ ಮೂಗುದಾರ, ನೊಗಕ್ಕೆ ಮಿಣಿ, ಬಾವಿಗೆ ಸೇದುವ ಹಗ್ಗ. ಮನುಷ್ಯನಿಗೆ ಅಂತ ಇರುವುದು ಉಡಿದಾರ, ಶಿವದಾರ, ತಾಳಿದಾರ. ಮೂರಕ್ಕೂ ಎಂಬತ್ತು ಕೆಜಿ ಹೊರುವ ಅಭ್ಯಾಸವಿಲ್ಲ ಎಂದೆ.

"ತಾಳಿದಾರ ಹೊತ್ತೈತೆ" ಎಂದಳು ಹೆಂಡತಿ, ಹಗ್ಗಗಳ ಕಡೆ ನೋಡುತ್ತಲೇ.

ಅಂಗಡಿಯವರು ನಕ್ಕು, ದಪ್ಪನೆಯ ಒಂದು ನೈಲಾನ್ ಹಗ್ಗ ಇಳಿಸಿದರು. "ಎಮ್ಮೆದೊಡ್ಡಿ ಕಡೆಯೋರೆಲ್ಲ ಇದನ್ನೇ ತಗೊಂಡು ಹೋಗೋದು. ಅಮೃತ್ ಮಹಲ್ ಹೋರಿ ಕಣ್ರೀ! ಅದು ಒಂದ್ಸಲ ಕತ್ತು ಒದರಿದ್ರೆ ಕಂಬ ಕಿತ್ಕೊಂಡು ಬರುತ್ತೆ. ಅದನ್ನೇ ತಡೆದಿದೆ, ನಿಮ್ಮನ್ನ ತಡೆಯಲ್ವಾ?"

"ಹೋರಿ ನೆಲದ ಮೇಲೆ ನಿಂತಿರುತ್ತೆ. ಇವರು ನಿಂತಿರಲ್ಲ" ಎಂದಳು ಇವಳು. ಹಗ್ಗವನ್ನು ಕೈಯಲ್ಲಿ ಹಿಡಿದು ತಿರುವಿದಳು. ಅದು ಹೊಸೆದ ಹಗ್ಗ. ತಿರುವಿದ ಹಾಗೆಲ್ಲ ಎಳೆಗಳು ಬಾಯಿ ತೆರೆದವು. "ಇದರಲ್ಲಿ ನೇತಾಡಿದ್ರೆ ಬುಗುರಿ ಥರ ತಿರುಗ್ತಾರೆ. ಮೊದಲೇ ಇವರ ತಲೆ ತಿರುಗ್ತಿರುತ್ತೆ."

ಬೇಡವಾಯಿತು. ಆದರೂ ಅಂಗಡಿಯವರಿಗೆ ಬೇಜಾರಾಗದಿರಲೆಂದು ಒಂದು ಕಣ್ಣಿ ಕೊಂಡೆ. ನಮ್ಮ ಮನೆಯಲ್ಲಿ ದನವಿಲ್ಲ.

ಮುಂದೆ ತರೀಕೆರೆ. ಅಲ್ಲಿ ನನಗೆ ಗುರುತಿನ ಒಬ್ಬ ಜೀಪಿನವರಿದ್ದಾರೆ, ಹೆಬ್ಬೆ ಫಾಲ್ಸಿನ ಕಡೆಗೆ ಟೂರಿಸ್ಟುಗಳನ್ನು ಸಾಗಿಸುವವರು. ಬಂಡೆ ಹತ್ತುವ ಯಾವುದೋ ತಂಡ ಬಿಟ್ಟುಹೋದ ಹಗ್ಗ ಅವರ ಹತ್ತಿರ ಇತ್ತು. "ಫಾರಿನ್ ಮಾಲು. ಮನುಷ್ಯರಿಗೇ ಅಂತ ಮಾಡಿರೋದು" ಎಂದರು ಹೆಮ್ಮೆಯಿಂದ. ಮನುಷ್ಯರಿಗೇ ಎಂದ ಕೂಡಲೇ ನನ್ನ ಕಣ್ಣು ತುಂಬಿ ಬಂದಿರಬೇಕು. ಶೆಡ್ಡಿನ ಮುಂದಿನ ಮಳೆಮರದ ಎತ್ತರದ ಕೊಂಬೆಗೆ ಹಗ್ಗ ಎಸೆದು, ತುದಿಯನ್ನು ನನ್ನ ಬೆಲ್ಟಿಗೆ ಕಟ್ಟಿ, ಜೀಪಿನ ಬಾನೆಟ್ ಮೇಲೆ ನಿಂತೆ. ಸಾವಕಾಶವಾಗಿ ಭಾರ ಬಿಟ್ಟೆ.

ಹಗ್ಗ ಹರಿಯಲಿಲ್ಲ. ಗಂಟು ಬಿಚ್ಚಲಿಲ್ಲ. ಹಗ್ಗ ಸುಮ್ಮನೆ ಉದ್ದವಾಯಿತು. ಹಾಲು ಕುಡಿದ ಕೂಸನ್ನು ತೊಟ್ಟಿಲಿಗೆ ಇಳಿಸುವ ಹಾಗೆ ನನ್ನನ್ನು ಮೆತ್ತಗೆ ಇಳಿಸಿ, ನೆಲದ ಮೇಲೆ ಕೂರಿಸಿತು. ಏಳಲು ಹೋದೆ, ಮೇಲಕ್ಕೆ ಎಗರಿಸಿತು. ಮತ್ತೆ ಕೂತೆ. ಜೀಪಿನವರು ಬಾನೆಟ್ ಹಿಡಿದುಕೊಂಡು ನಗುತ್ತಿದ್ದರು.

"ಬಂಡೆಯಿಂದ ಬಿದ್ದೋರನ್ನ ಜೋರಾಗಿ ಜಗ್ಗದೆ ಮೆತ್ತಗೆ ಹಿಡೀಲಿ ಅಂತ ಹಂಗೆ ಮಾಡಿರ್ತಾರೆ ಸಾರ್."

"ಇವರು ಬೀಳ್ಬಾರ್ದು ಅಂತ ನಾವು ಹಗ್ಗ ಹುಡುಕ್ತಿರೋದಣ್ಣ" ಎಂದಳು ಹೆಂಡತಿ. "ಬಿದ್ದಮೇಲೆ ಏನು ಮಾಡ್ಬೇಕು ಅಂತ ಅಲ್ಲ."

ಆದರೆ ಆ ಎಗರಾಟದಲ್ಲಿ ಒಂದು ವಿಷಯ ಖಚಿತವಾಯಿತು. ಬಂಡೆಗೆ ಬೇಕಾದ ಹಗ್ಗ ಬೇರೆ, ಮರಕ್ಕೆ ಬೇಕಾದ ಹಗ್ಗ ಬೇರೆ. ಮರದಲ್ಲಿ ನಾವು ಹಗ್ಗದ ಮೇಲೆ ಕೂತೇ ಕೆಲಸ ಮಾಡುತ್ತೇವೆ. ಕೂತ ಕುರ್ಚಿ ರಬ್ಬರಿನದಾದರೆ ಗರಗಸ ಎಲ್ಲಿ ಹೋಗುತ್ತದೋ ಹೇಳಲಾಗದು. ಹಿಗ್ಗದ ಹಗ್ಗ ಬೇಕು.

ಮರದವರಿಗೇ ಮಾಡಿದ ಹಗ್ಗಗಳು ಮೊಬೈಲಿನಲ್ಲಿ ಸಿಕ್ಕವು. ಒಂದಲ್ಲ, ನೂರು ಥರ. ಊಟವಾದಮೇಲೆ ಜಗುಲಿಯಲ್ಲಿ ಕೂತು, ಕೊಂಡವರು ಬರೆದ ಅಭಿಪ್ರಾಯಗಳನ್ನೆಲ್ಲ ಓದಿದೆ. ಹಿಮದಲ್ಲಿ ಓಕ್ ಮರ ಕುಯ್ಯುವವರು, ಗಡ್ಡದವರು, ಎಲ್ಲರೂ ತೃಪ್ತರು. ಒಬ್ಬ ಬರೆದಿದ್ದ, ಮೂರು ವರ್ಷದಿಂದ ಇದೇ ಹಗ್ಗ, ತುಂಬಾ ಚೆನ್ನಾಗಿದೆ ಅಂತ.

"ಆಮೇಲೆ ಯಾಕೆ ಏನೂ ಬರೆದಿಲ್ಲ ಇವ್ನು?" ಎಂದೆ.

"ಕೆಲಸ ಇರುತ್ತೆ ಕಣ್ರೀ ಅವ್ರಿಗೆ. ಮರ ಹತ್ತಿರ್ತಾರೆ."

"ಇಳಿದಿರ್ತಾನಾ?"

ಮೊಬೈಲ್ ಕಿತ್ತುಕೊಂಡಳು. ಅಲ್ಲಿಂದ ಆಯ್ಕೆ ಅವಳದಾಯಿತು, ಬೇಗ ಬೇಗ ನಡೆಯಿತು. ಹಸಿರು ಹಗ್ಗ ಚೆಂದವಿತ್ತು; "ಎಲೆ ಮಧ್ಯೆ ಎಲೆ ಬಣ್ಣ, ಗರಗಸ ಇಡೋಕಾ?" ಎಂದು ತೆಗೆದುಹಾಕಿದಳು. ತೆಳ್ಳನೆಯದು ಹಗುರವಾಗಿತ್ತು, ನನ್ನ ಅಂಗೈ ತೆರೆಸಿ, ಕಾಯಿಗಟ್ಟಿದ ಬೆರಳುಗಳನ್ನು ಮಡಚಿಸಿ ನೋಡಿ, "ನಿಮ್ಮ ಮುಷ್ಟಿಗೆ ಅದು ಸಿಗೋದೇ ಇಲ್ಲ, ಕಿರುಬೆರಳು ದಪ್ಪನಾದ್ರೂ ಇರ್ಬೇಕು" ಎಂದಳು. ಉದ್ದದ ವಿಷಯದಲ್ಲಿ ನಾನು ಬಾಯಿ ಹಾಕಿದೆ: ಹಗ್ಗ ಕೊಂಬೆಯ ಮೇಲೆ ಹಾದು ಎರಡು ಪಾಲಾಗಿ ಇಳಿಯಬೇಕು, ಅದಕ್ಕೆ ಮರದ ಎತ್ತರದ ಎರಡರಷ್ಟು ಬೇಕು, ಮೇಲೊಂದಿಷ್ಟು. ಮೇಲೊಂದಿಷ್ಟು ಎಷ್ಟು ಎಂಬುದಕ್ಕೆ ಜಗಳವಾಯಿತು. ನನ್ನ ಲೆಕ್ಕದಲ್ಲಿ ಹಗ್ಗ ಬೀರೂರಿನತನಕ ಹೋಗುತ್ತಿತ್ತು. ಕೊನೆಗೆ ಗಟ್ಟಿ ಎಷ್ಟು ಎಂಬ ಪ್ರಶ್ನೆ. ಕಿಲೋನ್ಯೂಟನ್ ಎಂದು ಬರೆದಿತ್ತು.

"ಅಂದ್ರೆ ಎಷ್ಟು ಹೋರಿ?" ಎಂದಳು.

ಕಾಗದ ಪೆನ್ಸಿಲ್ ಹಿಡಿದು ಗುಣಿಸಿದೆ, ಭಾಗಿಸಿದೆ. "ನಾಲ್ಕು ಹೋರಿ ಒಟ್ಟಿಗೆ ನೇತಾಡ್ಬೋದು."

"ನೀವು?"

"ನಾನು ಒಬ್ನೇ ಕಣೇ."

"ಸರಿ, ತರಿಸಿ."

ಹಗ್ಗ ಬಂತು. ಕಿತ್ತಳೆ ಬಣ್ಣ, ನಡುನಡುವೆ ನೀಲಿ ಚುಕ್ಕಿ. ಹೊಸೆದದ್ದಲ್ಲ, ಜಡೆ ಹೆಣೆದ ಹಾಗೆ ಹೆಣೆದದ್ದು. ಒಂದು ತುದಿಯಲ್ಲಿ ಕುಣಿಕೆಯ ಹಾಗೆ ಅಚ್ಚುಕಟ್ಟಾಗಿ ಹೊಲಿದ ಕಣ್ಣು. ಜೊತೆಗೆ ಸೊಂಟಕ್ಕೂ ತೊಡೆಗಳಿಗೂ ಹಾಕಿಕೊಳ್ಳುವ ಪಟ್ಟಿ, ಗಂಟು ಹಾಕಲು ಒಂದು ಗಿಡ್ಡ ಹುರಿ. ಅಮ್ಮ ಹಗ್ಗವನ್ನು ಮಡಿಲಲ್ಲಿಟ್ಟುಕೊಂಡು ಸವರಿದಳು. "ಏನ್ ಚೆಂದ ಐತಲ್ಲೋ ಮಗಾ, ಇಳಕಲ್ ಸೀರೆ ಅಂಚಿದ್ದಂಗೆ!" ಮೂರು ಬೆರಳಲ್ಲಿ ವಿಭೂತಿ ತಂದು ಡಬ್ಬಕ್ಕೆ ಎಳೆದಳು. ನಾನು ಕೈಪಿಡಿಯನ್ನು ಮೂರು ಸಲ ಓದಿ, ಹಗ್ಗವನ್ನು ಬಿಸಿಲು ತಾಗದ ಕಡೆ ಗೂಟಕ್ಕೆ ನೇತುಹಾಕಿದೆ. ಮರುದಿನ ನಾವಿಬ್ಬರೂ ಸಿಂಗಟಗೆರೆ ಸಂತೆಗೆ ಹೋಗಿಬಂದೆವು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮನೆಯಲ್ಲಿ ಹಗ್ಗವೂ ಅಮ್ಮನೂ ಮಾತ್ರ ಇದ್ದ ದಿನ ಅದೊಂದೇ.

ಪರೀಕ್ಷೆ ಹಿತ್ತಲ ಬೇವಿನ ಮರದಲ್ಲಿ. ನಾನು ಪಟ್ಟಿ ಹಾಕಿಕೊಳ್ಳಲು ಹೋದರೆ ಹೆಂಡತಿ ತಡೆದಳು.

"ಮೊದಲು ನಾನು."

"ಹುಚ್ಚು ಹಿಡೀತೇನೇ?"

"ಇಷ್ಟು ವರ್ಷ ನಿಮ್ಮನ್ನ ಕಟ್ಕೊಂಡಿರೋಳು ನಾನು. ಈಗ ಇನ್ನೊಂದರ ಕೈಗೆ ಕಟ್ಟಿ ಕೊಡೋ ಮುಂಚೆ ಅದು ಎಂಥದ್ದು ಅಂತ ನೋಡ್ಬೇಡ್ವಾ?"

ಚೂಡಿದಾರದ ಮೇಲೆ ಪಟ್ಟಿ ಬಿಗಿದು, ವೇಲನ್ನು ಸೊಂಟಕ್ಕೆ ಸುತ್ತಿ ಸಿಕ್ಕಿಸಿಕೊಂಡು, ಸ್ಟೂಲಿನ ಮೇಲೆ ನಿಂತಳು. ನಾನು ಗಂಟು ಹಾಕಿದೆ. ಈ ಗಂಟಿನ ಗುಣವೇ ಇಡೀ ಆಟದ ಜೀವ: ಭಾರ ಬಿದ್ದರೆ ಹಗ್ಗವನ್ನು ಕಚ್ಚಿಹಿಡಿಯುತ್ತದೆ, ಕೈಯಲ್ಲಿ ಮೇಲಿಂದ ಒತ್ತಿದರೆ ಜಾರುತ್ತದೆ. ಹಾಗಾಗಿ ಬೇಕಾದಲ್ಲಿ ನಿಲ್ಲಬಹುದು, ಬೇಕಾದಾಗ ಇಳಿಯಬಹುದು. ಅವಳು ಹಗ್ಗ ಜಗ್ಗಿಕೊಂಡು ಆಳೆತ್ತರ ಮೇಲೆ ಹೋದಳು. ಕೆಳಗೆ ನಾನು ರಾಗಿಹುಲ್ಲು ಹರಡಿದ್ದೆ, ಅದರ ಮೇಲೆ ಎರಡು ಹಾಸಿಗೆ, ಅದರ ಮೇಲೆ ನಾನು.

"ಬಿಡ್ತೀನಿ ರೀ!"

ಬಿಟ್ಟಳು. ಗಂಟು ಕಚ್ಚಲಿಲ್ಲ. ಒಂದು ಚೂರೂ ಕಚ್ಚಲಿಲ್ಲ. ಸುಯ್ಯೆಂದು, ಸರಸರ, ಬೆಣ್ಣೆಯ ಮೇಲೆ ಜಾರಿದ ಹಾಗೆ ಇಳಿದು ಬಂದು ನನ್ನ ಮೇಲೆ ಕೂತಳು. ನಾನು ಹಾಸಿಗೆಯ ಮೇಲೆ ಕೂತೆ. ಹಾಸಿಗೆ ರಾಗಿಹುಲ್ಲಿನ ಮೇಲೆ ಕೂತಿತು.

ನನ್ನೆದೆ ಹೊಡೆದುಕೊಂಡ ರೀತಿಗೆ ಬೇವಿನ ಎಲೆ ಉದುರಿರಬೇಕು. ಹೋಯಿತು. ಡೂಪ್ಲಿಕೇಟ್ ಮಾಲು. ಆ ಗಡ್ಡದವರೆಲ್ಲ ಸುಳ್ಳುಗಾರರು. ಇನ್ನು ಜೀವಮಾನವಿಡೀ ಬಕೆಟ್ಟು, ಮಗ್ಗು. ಮುಚ್ಚಳ ಎಣಿಸುತ್ತಾ ಸಾಯುತ್ತೇನೆ. ಅಷ್ಟರಲ್ಲಿ ನನ್ನ ಮಡಿಲಲ್ಲಿ ಏನೋ ಕುಲುಕಾಡಿತು. ಅಳುತ್ತಿದ್ದಾಳೆಂದುಕೊಂಡೆ. ನಗುತ್ತಿದ್ದಳು. ನಗು ತಡೆಯಲು ಅಂಗೈಯನ್ನು ಬಾಯಿಗೆ ಒತ್ತಿಕೊಂಡವಳು ಥಟ್ಟನೆ ನಿಲ್ಲಿಸಿ, ಅಂಗೈ ಮೂಸಿದಳು.

"ರೀ, ಇದೇನ್ರೀ ಹರಳೆಣ್ಣೆ ವಾಸ್ನೆ?"

ನಾನೂ ಮೂಸಿದೆ. ಹಗ್ಗ ಮೂಸಿದೆ. ಹರಳೆಣ್ಣೆಯೇ.

ಹಿತ್ತಲ ಬಾಗಿಲಲ್ಲಿ ಅಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ತಲೆಯೆತ್ತದೆ ಹೇಳಿದಳು: "ಹೊಸ ಹಗ್ಗ ಅಲ್ವೇನೋ? ಪಳಗಿಸ್ದೆ."

"ಏನು ಮಾಡ್ದೆ?"

"ಪಳಗಿಸ್ದೆ ಕಣೋ. ನಿಮ್ಮಪ್ಪ ಇದ್ದಾಗ ಎಣ್ಣೆ ಉಣಿಸ್ದೆ ಒಂದು ಹಗ್ಗಾನ ಎತ್ತಿನ ಕೊರಳಿಗೆ ಹಾಕಿದ್ ಉಂಟಾ? ಹೊಸದು ಮೈ ಕೊರೀತದೆ. ಎತ್ತಿಗೇ ಅಷ್ಟು ಮಾಡೋರು ನಾವು, ನೀನು ನನ್ ಮಗ. ನೆನೆಸಿ, ಜಗ್ಗಿ, ಒಣಗ್ಸಿ, ಎಣ್ಣೆ ತಿಕ್ಕೀವ್ನಿ. ಎರಡು ಸಲ. ಏನ್ ಕುಡೀತಪ್ಪ ಎಣ್ಣೆಯ!"

ನಾರಿನ ಹಗ್ಗವನ್ನು ಹಾಗೆ ಮಾಡುವುದು ನಾನೂ ಕಂಡದ್ದೇ. ಹೊಸ ಎತ್ತನ್ನು ಪಳಗಿಸುವ ಹಾಗೆ ಹೊಸ ಹಗ್ಗವನ್ನೂ ಪಳಗಿಸಬೇಕು. ಅದು ನಮ್ಮ ಮನೆಗಳಲ್ಲಿ ಸಾರಿಗೆ ಉಪ್ಪು ಹಾಕುವಷ್ಟು ಸಹಜ, ಯಾರಿಗೂ ಹೇಳಿ ಮಾಡುವ ಕೆಲಸವಲ್ಲ. ಕೈಪಿಡಿಯಲ್ಲಿ ಬಿಸಿಲು, ಆ್ಯಸಿಡ್, ಇಲಿ, ಬೆಂಕಿ, ಚೂಪು ಅಂಚು ಎಲ್ಲದರ ಎಚ್ಚರಿಕೆಯಿತ್ತು. ತಾಯಿಯ ಪ್ರೀತಿಯ ಬಗ್ಗೆ ಏನೂ ಇರಲಿಲ್ಲ. ಅದಕ್ಕಿಂತ ಅವಮಾನವೆಂದರೆ, ಇಡೀ ಜಗತ್ತಿನ ಅನಾಹುತಗಳನ್ನು ಮುಂಗಡವಾಗಿ ಚಿಂತಿಸಿಟ್ಟ ನನಗೆ ಇದೊಂದು ಹೊಳೆದಿರಲಿಲ್ಲ.

"ಅತ್ತೆ, ಇದು ಜಾರ್ಬಾರ್ದು, ಜಾರ್ದಿದ್ರೇನೇ ಇದಕ್ಕೆ ಬೆಲೆ" ಎಂದಳು ಹೆಂಡತಿ, ಇನ್ನೂ ನನ್ನ ಮಡಿಲಲ್ಲೇ ಕೂತು.

"ಜಾರಿದ್ದು ನೋಡಿದ್ನಲ್ಲಾ ಈಗ" ಎಂದಳು ಅಮ್ಮ. ಅವಳ ತುಟಿಯೂ ಅಲುಗುತ್ತಿತ್ತು. "ಸಿವಾ, ಒಳ್ಳೇ ಪಲ್ಲಕ್ಕಿ ಮೇಲೆ ಬಂದಂಗೆ ಬಂದ್ಯಲ್ಲೇ ತಾಯಿ!"

ಎಣ್ಣೆ ಹಚ್ಚಿಕೊಂಡಾಯಿತು, ಇನ್ನು ಸ್ನಾನ. ಅಮ್ಮ ಸೀಗೆಪುಡಿ ಎಂದಳು. ಪುಡಿಯ ಕಣ ಎಳೆಗಳೊಳಗೆ ಕೂತು ಒಳಗೊಳಗೇ ಕೊಯ್ದರೆ ಎಂದು ನಾನು. ಕೈಪಿಡಿಯಲ್ಲಿ ಸೌಮ್ಯ ಸೋಪು ಎಂದಿತ್ತು. ನಮ್ಮ ಮನೆಯಲ್ಲಿ ಸೌಮ್ಯವಾದದ್ದು ಏನೂ ಇರಲಿಲ್ಲ. ಹೆಂಡತಿ ಹೋಗಿ ಎಳೆಮಕ್ಕಳಿಗೆ ಹಾಕುವ ಸೋಪು ತಂದಳು, ಅಂಗಡಿಯವರು "ಮೊಮ್ಮಗೂನಾ ಅಕ್ಕಾ?" ಎಂದರಂತೆ, ಇವಳು "ಇಲ್ಲ, ಹಗ್ಗಕ್ಕೆ" ಎಂದಳಂತೆ, ಅವರು ಚಿಲ್ಲರೆ ಕೊಡುವುದನ್ನೇ ಮರೆತರಂತೆ. ಹದವಾದ ನೀರು ಕಾಸಿ, ಹಂಡೆ ತುಂಬ ನೊರೆ ಎಬ್ಬಿಸಿ, ಮೂವರೂ ಸುತ್ತ ಕೂತು ಆ ಉದ್ದದ ಹಗ್ಗವನ್ನು ಗೇಣು ಗೇಣಾಗಿ ತೊಳೆದೆವು. "ಕಿವಿ ಸಂದೀಲಿ ಸರಿಯಾಗಿ ತಿಕ್ರೀ" ಎಂದು ಹೆಂಡತಿ ಹೊಲಿದ ಕಣ್ಣನ್ನು ನನ್ನ ಕೈಗೆ ಕೊಟ್ಟಳು. ಅಮ್ಮನಿಗೆ ಅಭ್ಯಾಸಬಲ, ಕೊನೆಯ ಚೊಂಬು ಸುರಿದು, ಹಗ್ಗದ ಸುತ್ತ ಕೈ ನಿವಾಳಿಸಿ ನೆಟಿಕೆ ಮುರಿದಳು. ತೊಟ್ಟಿಲ ಕೂಸಿನ ವಾಸನೆ ಬರುತ್ತಿದ್ದ ಹಗ್ಗವನ್ನು ನಡುಮನೆಯ ನೆರಳಲ್ಲಿ ಆ ಗೋಡೆಯಿಂದ ಈ ಗೋಡೆಗೆ ಏಳೆಂಟು ಸಲ ಎಳೆದು ಒಣಗಿಸಿದೆವು. ಅದು ಒಣಗುವತನಕ ಮನೆಯಲ್ಲಿ ಎಲ್ಲರೂ ಬಗ್ಗಿಕೊಂಡೇ ಓಡಾಡಿದೆವು. ವಿಷಯ ಗೊತ್ತಿಲ್ಲದೆ ಬಂದ ಭಾವಮೈದುನ ಬಾಗಿಲಲ್ಲೇ ನಿಂತು, "ಮನೇಲಿ ಏನಾದ್ರೂ ಫಂಕ್ಷನ್ನಾ?" ಎಂದ.

ಎರಡನೆಯ ಪರೀಕ್ಷೆಗೂ ಅವಳೇ. ಮತ್ತೆ ರಾಗಿಹುಲ್ಲು, ಹಾಸಿಗೆ, ನಾನು. ಮೇಲೆ ಹೋದಳು. "ಬಿಡ್ತೀನಿ ರೀ!" ನಾನು ಕಣ್ಣು ಮುಚ್ಚಿಕೊಂಡೆ. ಯಾವ ಸದ್ದೂ ಆಗಲಿಲ್ಲ. ಕಣ್ಣು ಬಿಟ್ಟೆ. ಅವಳು ನನ್ನ ತಲೆಯ ಮೇಲೆ, ಗಾಳಿಯಲ್ಲಿ, ಮಣೆಯ ಮೇಲೆ ಕೂತ ಮದುಮಗಳ ಹಾಗೆ ಕೂತಿದ್ದಳು.

"ಹಿಡೀತು" ಎಂದಳು ಮೆಲ್ಲಗೆ.

ಕಾಲಲ್ಲಿ ಮರವನ್ನು ಒದ್ದಳು. ಅತ್ತ ಹೋಗಿ ಇತ್ತ ಬಂದಳು. ಮತ್ತೆ ಒದ್ದಳು. ಜಡೆ ಬಿಚ್ಚಿಕೊಂಡಿತು, ಚಪ್ಪಲಿಯೊಂದು ಹಾರಿ ಪಕ್ಕದವರ ಹಿತ್ತಲಿಗೆ ಬಿತ್ತು. "ರೀ, ಹೆಬ್ಬೆ ಫಾಲ್ಸ್ ಥರಾ ಸುರೀತೀನಿ ನೋಡಿ!" ಎಂದು ಕೈ ಬಿಟ್ಟು ಹಿಂದಕ್ಕೆ ವಾಲಿದಳು. ನನ್ನ ಪ್ರಾಣ ಅಲ್ಲಲ್ಲೇ ಹೋಗಿ ಬರುತ್ತಿತ್ತು. "ಇಳಿಯೇ, ಸಾಕು, ಪರೀಕ್ಷೆ ಆಯ್ತು" ಎಂದರೆ, "ಇನ್ನೂ ಒಪ್ಪಿಲ್ಲ ನಾನು, ಇನ್ನೂ ನೋಡ್ತಿದೀನಿ" ಎಂದು ಮತ್ತೆ ಒದೆಯುವುದು. ಅಮ್ಮ ಅವರೆಕಾಯಿ ಮೊರ ಬದಿಗಿಟ್ಟು ಎದ್ದು ಬಂದಳು. ಬೈಯಲು ಬಂದಳೆಂದುಕೊಂಡೆ. ಸೊಸೆಯ ಬೆನ್ನಿಗೆ ಎರಡೂ ಕೈ ಕೊಟ್ಟು ಜೋರಾಗಿ ತೂಗಿದಳು.

"ಮಗಾ, ಆಮೇಲೆ ನನ್ನೂ ಒಂದ್ಗಳಿಗೆ ಕೂರ್ಸೋ" ಎಂದಳು.

ಕೂರಿಸಿದೆವು. ನೆಲದಿಂದ ಒಂದು ಗೇಣು ಮೇಲೆ ಅಷ್ಟೇ. ಸೀರೆಯ ಮೇಲೆ ಪಟ್ಟಿ ಬಿಗಿಸಿಕೊಂಡು, ಕಾಲು ಅಲ್ಲಾಡಿಸುತ್ತ, ಹಲ್ಲಿಲ್ಲದ ಬಾಯಿ ತುಂಬ ನಗುತ್ತ ಕೂತಿದ್ದಳು. ಇಳಿದಮೇಲೆ ಹಗ್ಗವನ್ನು ತಟ್ಟಿ, "ಪಳಗೈತೆ" ಎಂದಳು.

ಹೆಂಡತಿ ಒಪ್ಪಿದ್ದು ಆವಾಗಲೇ. "ಹೋಗಿ ಹತ್ತಿ" ಎಂದಳು. ಅಷ್ಟೇ ಮಾತು. ನನಗೆ ಮೀಸೆ ಮೂಡಿದ ಹುಡುಗನಿಗೆ ಸೈಕಲ್ ಕೊಟ್ಟ ಹಾಗಾಯಿತು.

ಅಜ್ಜಂಪುರದ ಹುಣಸೆಮರದ ಕೆಳಗೆ ನಿಂತಾಗ ಮಾತ್ರ ಮೊದಲು ಹೇಳಿದ ಎಡವಟ್ಟುಗಳೆಲ್ಲ ಒಂದೊಂದಾಗಿ ತಲೆಯೊಳಗೆ ಬಂದು ಜಾಗ ಹಿಡಿದವು. ಮನೆಯ ಯಜಮಾನತಿ, ದೊಡ್ಡ ದನಿಯ ಹೆಂಗಸು, ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. "ನಿಧಾನ ಕಣಪ್ಪಾ, ಹೆಂಚು ಹೊಸದು" ಎಂದರು. ಹೆಂಡತಿ ತನ್ನ ಫೋನನ್ನು ನನ್ನೆದುರಿಗೇ ಆಫ್ ಮಾಡಿ ಚೀಲಕ್ಕೆ ಹಾಕಿದಳು. ಆ ಒಂದು ಕೆಲಸಕ್ಕೆ ಅವಳಿಗೆ ಏಳು ಜನ್ಮಕ್ಕೂ ನಾನೇ ಗಂಡನಾಗಲಿ ಎಂದುಕೊಂಡೆ. ಅವಳ ಅಭಿಪ್ರಾಯ ಕೇಳಲಿಲ್ಲ.

ಹತ್ತಿದೆ. ಹಗ್ಗ ಹರಿಯಲಿಲ್ಲ. ಕೊಂಬೆ ಮುರಿಯಲಿಲ್ಲ. ಗಂಟು ಕಚ್ಚಬೇಕಾದಲ್ಲಿ ಕಚ್ಚಿತು, ಬಿಡಬೇಕಾದಲ್ಲಿ ಬಿಟ್ಟಿತು. ಪೊಟರೆಯಲ್ಲಿ ಒಂದು ಗಿಣಿ ಇತ್ತು, ನನ್ನನ್ನು ನೋಡಿ ಬೈದು ಹಾರಿಹೋಯಿತು. ಬೇಡದ ಕೊಂಬೆಯನ್ನು ಬೇರೆ ಹಗ್ಗಕ್ಕೆ ಕಟ್ಟಿ, ತುಂಡು ತುಂಡಾಗಿ ಕುಯ್ದು ಇಳಿಸಿದೆವು; ಒಂದು ಹೆಂಚೂ ಅಲುಗಲಿಲ್ಲ. ಕೊನೆಯ ತುಂಡು ಇಳಿದು, ಗರಗಸ ಒರೆಗೆ ಸೇರಿ, ಸುತ್ತ ನೋಡಿದಾಗಲೇ ನನಗೆ ಗೊತ್ತಾಗಿದ್ದು: ನಾನು ಮರವನ್ನು ಹಿಡಿದುಕೊಂಡಿರಲಿಲ್ಲ.

ಇಷ್ಟು ವರ್ಷದಲ್ಲಿ ಮರದ ಮೇಲೆ ನನ್ನ ಒಂದು ಕೈ ಯಾವಾಗಲೂ ಮರದ್ದೇ ಆಗಿತ್ತು. ಈಗ ಎರಡೂ ನನ್ನವು. ಕೈಗಳನ್ನು ಮುಂದೆ ಚಾಚಿ ನೋಡಿದೆ. ಚಪ್ಪಾಳೆ ತಟ್ಟಿದೆ. ಕೆಳಗಿನಿಂದ ಹೆಂಡತಿ "ಏನ್ರೀ?" ಎಂದಳು. "ಏನಿಲ್ಲ ಕಣೇ!" ಎಂದೆ. ಗಾಳಿ ಬೀಸಿತು; ನಾನೂ ಹಗ್ಗವೂ ಮರವೂ ಒಟ್ಟಿಗೆ ಓಲಾಡಿದೆವು. ದೂರದಲ್ಲಿ ರೈಲು ಹೋಗುತ್ತಿತ್ತು, ಅದರಲ್ಲಿರುವವರೆಲ್ಲ ಪಾಪ ನೆಲದ ಮೇಲಿದ್ದರು. ಎರಡು ಖಾಲಿ ಕೈಗಳ ಸುತ್ತ, ಎಲ್ಲಿ ನೋಡಿದರೂ ದೋರೆ ಹುಣಸೆ. ಹಸಿರು ಹೋಗಿ ಪೂರ್ತಿ ಹಣ್ಣಾಗದ ಆ ಹದದಲ್ಲಿ, ಸಿಪ್ಪೆ ಸಡಿಲಾಗಿ, ಮುಟ್ಟಿದರೆ ಬಿಚ್ಚುವಂತಿದ್ದವು. ಒಂದು ಕಿತ್ತೆ. ಹಗ್ಗದಲ್ಲಿ ಹಿಂದಕ್ಕೊರಗಿ, ಕಾಲು ಮೇಲೆ ಕಾಲು ಹಾಕಿ, ತಿಂದೆ. ಇನ್ನೊಂದು ಕಿತ್ತೆ. ಆಮೇಲೆ ಎಷ್ಟು ಎಂದು ಲೆಕ್ಕವಿಡಲಿಲ್ಲ. ಎಂಥ ಆನಂದ! ಏನೂ ಆಗಲಿಲ್ಲ, ಏನೇನೂ ಆಗಲಿಲ್ಲ ಎಂದು ನನಗೆ ನಾನೇ ಜೋರಾಗಿ ಹೇಳಿಕೊಂಡೆ. ಹೆಂಡತಿ ಮೂರು ಸಲ ಕೂಗಿದಮೇಲೆ, ಬೇಕೆಂದೇ ಸುತ್ತು ಹಾಕಿ, ಸುಯ್ಯೆಂದು ಇಳಿದೆ.

ಯಜಮಾನತಿಗೆ ಬಹಳ ಖುಷಿಯಾಗಿತ್ತು. ಕಾಫಿಯ ಜೊತೆ ತಟ್ಟೆ ತುಂಬ ಕೋಡುಬಳೆ ತಂದಿಟ್ಟರು, ಆಗಷ್ಟೇ ಕರಿದದ್ದು, ಕೆಂಪಗೆ, ಗರಿಗರಿ. ಹಸಿವಾಗಿತ್ತು. ಒಂದನ್ನು ಕಚ್ಚಿದೆ.

ಹಲ್ಲು! ಮೇಲಿನದು ಕೆಳಗಿನದು ಅಷ್ಟೂ ಹುಣಸೆಯ ಹುಳಿಗೆ ಚಳಿತುಹೋಗಿತ್ತು. ಕೋಡುಬಳೆ ತಾಗಿದ್ದೇ ತಡ ಜುಮ್ಮೆಂದು ನೆತ್ತಿಯವರೆಗೆ ಏರಿತು. ಬಾಯಿ ಮುಚ್ಚಲೂ ಆಗದೆ ತೆರೆಯಲೂ ಆಗದೆ, ಮುಖ ಹಿಂಡಿಕೊಂಡು ಕೂತೆ. ಕಣ್ಣಲ್ಲಿ ನೀರು ಬಂತು.

"ಅಯ್ಯೋ ಪಾಪ, ನೋಡಮ್ಮಾ, ಈಗ ಹೆದರ್ಕೊತಿದಾರೆ" ಎಂದರು ಯಜಮಾನತಿ ನನ್ನ ಹೆಂಡತಿಗೆ, ಬೀದಿಗೆಲ್ಲ ಕೇಳುವ ಹಾಗೆ. "ಮೇಲಿದ್ದಾಗ ಗೊತ್ತಾಗಿರಲ್ಲ. ಹಲ್ಲು ನಡುಗ್ತಿದೆ ನೋಡು!"

ಹೆಂಡತಿ ನನ್ನ ಅಂಗಿಯ ಮೇಲಿದ್ದ ಹುಣಸೆ ಸಿಪ್ಪೆಯ ಚೂರುಗಳನ್ನು ನೋಡಿದಳು. ನನ್ನ ಮುಖ ನೋಡಿದಳು. ನಗು ತಡೆಯಲಾಗದೆ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳು.

"ಹೂಂ ಕಣಮ್ಮಾ, ತುಂಬಾ ಹೆದ್ರುತಾರೆ" ಎಂದಳು, ಉಸಿರು ತಿರುಗಿದಮೇಲೆ. ಆಮೇಲೆ ನನ್ನ ಕಡೆ ತಿರುಗಿ, "ಹಿಂದ್ಗಡೆ ಮನೆಯೋರ ಬೇವಿನ ಮರಾನೂ ಸವರ್ಬೇಕಂತೆ. ನಾಳೆ ಬತ್ತೀವಿ ಅಂದಿದೀನಿ" ಎಂದು, ತಟ್ಟೆಯಿಂದ ಒಂದು ಕೋಡುಬಳೆ ತೆಗೆದು, ನನ್ನ ಕಿವಿಯ ಪಕ್ಕದಲ್ಲೇ ಕಟುಂ ಎಂದು ಮುರಿದಳು.

ನಾನು ನನ್ನದನ್ನು ಕಾಫಿಯಲ್ಲಿ ಅದ್ದಿ, ಮೆತ್ತಗಾಗಲಿ ಎಂದು ಕಾಯುತ್ತ ಕೂತೆ.